ಲೈಟ್ ಆರಿಸಿದ್ರೆ ನುವಾರ್ ಆಗುತ್ತೆ ಅನ್ಕೊಂಡಿದ್ದೆ, ನೋಡಿದ್ರೆ ಕರೆಂಟ್ ಹೋದಂಗಿದೆ. ಯಾರಾದ್ರೂ ದಾರಿ ತೋರ್ಸಿ

ಚೀಟಿ_ಹುಡ್ಗ:

ನಮಸ್ಕಾರ ಎಲ್ರಿಗೂ. ನಾನು ಮಂಡ್ಯದವ್ನು. ನಾವು ನಾಲ್ಕು ಜನ ಸೇರ್ಕೊಂಡು ಹನ್ನೆರಡು ನಿಮಿಷದ ಒಂದು ಶಾರ್ಟ್ ಫಿಲಂ ಮಾಡ್ತಿದೀವಿ, ಕತೆ ಏನಿಲ್ಲ, ಚೀಟಿ ದುಡ್ಡು ಕಲೆಕ್ಟ್ ಮಾಡೋ ಹುಡುಗ ಒಂದಿನ ಸಾಯಂಕಾಲ ಬ್ಯಾಗಲ್ಲಿರೋ ದುಡ್ಡನ್ನ ಓನರ್‌ಗೆ ಕೊಡ್ದೆ ರೂಮಿಗೆ ತಗೊಂಡೋಗ್ಬಿಡ್ತಾನೆ, ಆ ಒಂದು ರಾತ್ರಿ ಅವ್ನಿಗೆ ಏನೇನಾಗುತ್ತೆ ಅಷ್ಟೇ. ಲಾಕ್‌ಡೌನ್ ಟೈಮಲ್ಲಿ ಹಳೇ ಅಮೆರಿಕನ್ ನುವಾರ್ ಪಿಚ್ಚರ್‌ಗಳನ್ನ, ಅದೇ ಕತ್ತಲೆ ನೆರಳಿನ ಬ್ಲ್ಯಾಕ್ ಅಂಡ್ ವೈಟ್ ಕ್ರೈಂ ಪಿಚ್ಚರ್‌ಗಳನ್ನ, ಒಂದಷ್ಟು ನೋಡಿದ್ದೆ, ಆ ಥರಾನೇ ಇರ್ಬೇಕು ಅಂತ ತಲೇಲಿ ಕೂತ್ಬಿಟ್ಟಿದೆ.

ಹೋದ ಭಾನುವಾರ ರಾತ್ರಿ ಸುಭಾಷ್‌ನಗರದಲ್ಲಿ ಫ್ರೆಂಡ್ ರೂಮಲ್ಲಿ ಟೆಸ್ಟ್ ಶೂಟ್ ಮಾಡಿದ್ವಿ. ಒಳಗಿನ ಲೈಟೆಲ್ಲ ಆರ್ಸಿ, ಹೊರಗೆ ಪ್ಯಾಸೇಜಲ್ಲಿರೋ ಟ್ಯೂಬ್‌ಲೈಟ್ ಒಂದೇ ಬಿಟ್ಟು, ಕಿಟಕಿ ಸರಳಿನ ನೆರಳು ಗೋಡೆ ಮೇಲೆ ಜೈಲ್ ಥರ ಬೀಳುತ್ತೆ ಅನ್ನೋದು ನಮ್ಮ ಪ್ಲಾನು. ಬಿದ್ದಿದ್ದು ಏನು ಗೊತ್ತಾ? ಕಿಟಕಿ ಮಧ್ಯ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇದೆಯಲ್ಲ, ಅದರದ್ದು ಒಂದೇ ಒಂದು ಗೆರೆ. ಉದ್ದುದ್ದ ಸರಳು ಎಂಟಿದಾವೆ, ಒಂದರದ್ದೂ ನೆರಳಿಲ್ಲ! ನಾನು ಕೈ ಅಡ್ಡ ಇಟ್ಟು ನೋಡ್ದೆ, ಸರಳು ಹಿಡ್ಕೊಂಡು ಅಲ್ಲಾಡಿಸ್ದೆ, ನನ್ ಫ್ರೆಂಡು ದೆವ್ವ ಕಣೋ ಅಂದ.

ಸರಿ ಅಂತ ಮೊಬೈಲಲ್ಲಿ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ವಿ. ಎಲ್ಲಾ ಬೂದಿ ಬೂದಿ, ಕಪ್ಪಿರೋ ಕಡೆ ಇರುವೆ ಹರಿದಾಡ್ದಂಗೆ ಕಾಣುತ್ತೆ. ಅಕ್ಕನಿಗೆ ತೋರ್ಸಿದ್ರೆ 'ಕರೆಂಟ್ ಹೋಗಿತ್ತೇನೋ ಪಾಪ, ಇನ್ನೊಂದಿನ ತೆಗೀಬೋದಿತ್ತಲ್ವಾ' ಅಂತಾಳೆ.

ನನ್ ಪ್ರಶ್ನೆ ಇಷ್ಟೇ. ಆ ಪಿಚ್ಚರ್‌ಗಳಲ್ಲೂ ಕತ್ತಲೆ, ನಮ್ದೂ ಕತ್ತಲೆ. ಅಲ್ಲಿ ನೋಡ್ತಿದ್ರೆ ಎದೆ ಒಳಗೆ ಏನೋ ಹಿಂಡ್ದಂಗಾಗುತ್ತೆ, ನಮ್ದಲ್ಲಿ ಟಾರ್ಚ್ ಹುಡ್ಕೋಣ ಅನ್ಸುತ್ತೆ. ಎಲ್ಲಿ ತಪ್ತಿದೀವಿ? ಬಜೆಟ್ ಅಂತ ಕೇಳ್ಬೇಡಿ, ಆರು ಸಾವಿರ ಇದೆ, ಅದ್ರಲ್ಲಿ ಬಿರಿಯಾನಿನೂ ಸೇರಿದೆ.


ಡಿಮ್ಮರ್_ದೊರೆ:

ದೆವ್ವ ಗಿವ್ವ ಏನಿಲ್ಲ ಗುರು. ನಾನು ಮೈಸೂರಲ್ಲಿ ಹದಿನೈದು ವರ್ಷದಿಂದ ನಾಟಕಗಳಿಗೆ ಲೈಟ್ ಮಾಡ್ತಿದೀನಿ, ನೀನು ಹೇಳ್ತಿರೋದು ದಿನಾ ನೋಡೋ ವಿಷ್ಯ. ಟ್ಯೂಬ್‌ಲೈಟ್ ಅಡ್ಡಕ್ಕೆ ಉದ್ದ ಇರುತ್ತೆ, ನಾಲ್ಕಡಿ. ಉದ್ದ ಸರಳಿನ ನೆರಳು ಬೀಳ್ಬೇಕಾದ ಜಾಗಕ್ಕೆ ಟ್ಯೂಬಿನ ಎಡಗಡೆ ತುದಿಯಿಂದ ಬೆಳಕು ತಪ್ಪಿದ್ರೂ ಬಲಗಡೆ ತುದಿಯಿಂದ ಬಂದು ಬೀಳುತ್ತೆ, ಅಲ್ಲಿಗೆ ನೆರಳು ಅಳ್ಸೋಯ್ತು. ಅದೇ ಅಡ್ಡ ಪಟ್ಟಿ ಟ್ಯೂಬಿಗೆ ಸಮಾನಾಂತರ ಇದೆ, ಅದನ್ನ ದಾಟಿ ಬೆಳಕು ಬರೋಕೆ ದಾರಿನೇ ಇಲ್ಲ, ಅದಕ್ಕೆ ಆ ಒಂದು ಗೆರೆ ಮಾತ್ರ ಉಳ್ಕೊಳ್ತು. ಅದೇ ಟ್ಯೂಬನ್ನ ಲಂಬ ನಿಲ್ಸಿ ನೋಡು, ಎಂಟು ಸರಳೂ ಬಂದು ನಿಲ್ತವೆ, ಪಟ್ಟಿ ಮಾಯ ಆಗುತ್ತೆ.

ಎರಡೂ ಬೇಕು ಅಂದ್ರೆ ಬೆಳಕು ಚಿಕ್ಕದಾಗಿರ್ಬೇಕು. ಜಾಸ್ತಿ ಪವರ್ ಅಂತಲ್ಲ, ಸೈಜಲ್ಲಿ ಚಿಕ್ಕದು. ಗುಂಡಗೆ ಹಾಲಿನ ಬಣ್ಣದ ಡೂಮ್ ಇರೋ ಎಲ್‌ಇಡಿ ಬಲ್ಬು ಬೇಡ. ನಿನ್ ಮೊಬೈಲ್ ಹಿಂದಿರೋ ಟಾರ್ಚ್ ಇದೆಯಲ್ಲ, ಸಾಸಿವೆ ಕಾಳಷ್ಟಿರುತ್ತೆ, ಅದು ಬಿಡೋ ನೆರಳು ಬ್ಲೇಡಲ್ಲಿ ಕುಯ್ದಂಗಿರುತ್ತೆ. ಕಿಟಕಿಯಿಂದ ಹತ್ತಡಿ ದೂರ, ಸ್ವಲ್ಪ ಮೇಲೆ, ಓರೆಯಾಗಿ ಯಾರಾದ್ರೂ ಹಿಡ್ಕೊಂಡು ನಿಲ್ಲಿ. ಬೆಳಕು ಸಾಲ್ದಿದ್ರೆ ಹಳೇ ಬೈಕಿನ ಹೆಡ್‌ಲೈಟ್. ಇನ್ನೊಂದು, ನೆರಳು ಬೀಳಿಸೋ ವಸ್ತು ಗೋಡೆಗೆ ಹತ್ರ ಇದ್ದಷ್ಟೂ ನೆರಳು ಚೂಪು, ಲೈಟಿಗೆ ಹತ್ರ ಹೋದಷ್ಟೂ ದೊಡ್ಡದಾಗಿ ಮಬ್ಬಾಗುತ್ತೆ. ರಟ್ಟಲ್ಲಿ ಪಟ್ಟಿ ಪಟ್ಟಿ ಕುಯ್ದು ಹಿಡಿದ್ರೂ ಸಾಕು, ಕಿಟಕಿನೇ ಆಗ್ಬೇಕು ಅಂತಿಲ್ಲ.

ಇನ್ನು ಆ ಬೂದಿ, ಇರುವೆ. ಅದು ನಿನ್ ತಪ್ಪಲ್ಲ, ಮೊಬೈಲ್‌ದು ಅತಿ ಒಳ್ಳೇತನ. ಕತ್ತಲೆ ಕಂಡ ತಕ್ಷಣ 'ಅಯ್ಯೋ ಪಾಪ ಕಾಣ್ತಿಲ್ವಲ್ಲ' ಅಂತ ಅದೇ ಬೆಳಕು ಎಳ್ಕೊಂಡು ಕಪ್ಪನ್ನೆಲ್ಲ ಮೇಲಕ್ಕೆತ್ತುತ್ತೆ. ನೈಟ್ ಮೋಡ್, ಎಚ್‌ಡಿಆರ್ ಎರಡೂ ಆಫ್ ಮಾಡು. ಮುಖದ ಮೇಲೆ ಅತಿ ಬೆಳಕಿರೋ ಜಾಗದಲ್ಲಿ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್, ಅಂದ್ರೆ ಕ್ಯಾಮೆರಾ ಎಷ್ಟು ಬೆಳಕು ತಗೋಬೇಕು ಅನ್ನೋದನ್ನ, ಲಾಕ್ ಮಾಡು, ಆಮೇಲೆ ಇನ್ನೂ ಸ್ವಲ್ಪ ಕೆಳಗೆಳಿ. ಶಟರ್ ಸ್ಪೀಡ್ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ (1/50) ಇಟ್ಕೊ, ಇಲ್ಲಾಂದ್ರೆ ಎಲ್‌ಇಡಿ ಪಟಪಟ ಅಂತ ಪಟ್ಟೆ ಓಡ್ಸುತ್ತೆ, ನಮ್ ಕರೆಂಟು 50 ಹರ್ಟ್ಸ್ ಅಲ್ವಾ ಅದಕ್ಕೆ.

ಒಟ್ಟಲ್ಲಿ ಕತ್ತಲೆ ಬೇಕು ಅಂದ್ರೆ ಬೆಳಕು ಜಾಸ್ತಿ ಬೇಕು ಕಣಪ್ಪ, ಇದು ನನ್ ಅಸಿಸ್ಟೆಂಟ್ ಹುಡುಗರಿಗೆ ತಲೆಗೆ ಹೋಗೋಕೆ ಎರಡು ವರ್ಷ ಬೇಕಾಯ್ತು. ಒಂದು ಕಡೆ ಜೋರಾಗಿ ಉರೀತಿದ್ರೆ ತಾನೇ ಉಳಿದಿದ್ದು ಕಪ್ಪು ಅನ್ಸೋದು.


ಸಯ್ಯಾಜಿರಾವ್_ರೋಡು:

ದೊರೆ ಹೇಳಿದ್ದು ಹೇಗೆ ಅನ್ನೋದು, ನಾನು ಯಾಕೆ ಅನ್ನೋದಕ್ಕೆ ಬರ್ತೀನಿ. ಉದ್ದ ಆಗುತ್ತೆ, ಕಾಫಿ ತಗೊಳ್ಳಿ.

ಕಿಟಕಿ ಪಟ್ಟೆ ನೆರಳು ಅಂದ ತಕ್ಷಣ ಎಲ್ರಿಗೂ ನೆನಪಾಗೋದು 'ಡಬಲ್ ಇಂಡೆಮ್ನಿಟಿ', 1944, ಬಿಲ್ಲಿ ವೈಲ್ಡರ್ ಡೈರೆಕ್ಷನ್ನು, ಕ್ಯಾಮೆರಾ ಜಾನ್ ಸೈಟ್ಜ್. ಇನ್ಶೂರೆನ್ಸ್ ಏಜೆಂಟ್ ಒಬ್ಬ ಗಿರಾಕಿ ಮನೆಗೆ ಪಾಲಿಸಿ ರಿನ್ಯೂವಲ್‌ಗೆ ಅಂತ ಹೋಗ್ತಾನೆ, ಹೊರಗೆ ಲಾಸ್ ಏಂಜಲಿಸ್ ಬಿಸಿಲು ಕಣ್ಣಿಗೆ ಹೊಡೀತಿರುತ್ತೆ, ಒಳಗೆ ಹಾಲ್‌ಗೆ ಕಾಲಿಟ್ರೆ ಅದೇ ಬಿಸಿಲು ಬ್ಲೈಂಡ್ಸ್ (ಕಿಟಕಿಗೆ ಹಾಕೋ ಪಟ್ಟಿ ಪಟ್ಟಿ ಪರದೆ) ಸಂದಿಯಿಂದ ಪಟ್ಟೆ ಪಟ್ಟೆಯಾಗಿ ಬಂದು ಬಿದ್ದಿರುತ್ತೆ. ಗಮನಿಸಿ, ರಾತ್ರಿ ಅಲ್ಲ, ಮಟಮಟ ಹಗಲು. ಆ ಹಾಲಲ್ಲಿ ಒಂದು ಹಳಸಲು ವಾಸನೆ ಇದೆ ಅಂತ ಏಜೆಂಟ್ ಬಾಯಲ್ಲಿ ಹೇಳ್ತಾನೆ, ಹೇಳ್ದೇ ಇದ್ರೂ ನಮಗೆ ಗೊತ್ತಾಗ್ತಿತ್ತು, ಯಾಕಂದ್ರೆ ಬಿಸಿಲ ಕೋಲಲ್ಲಿ ಧೂಳು ತೇಲ್ತಿರುತ್ತೆ. ಆ ಧೂಳು ಕ್ಯಾಮೆರಾಗೆ ಕಾಣ್ಲಿ ಅಂತ ಸೈಟ್ಜ್ ಶಾಟ್‌ಗೆ ಮುಂಚೆ ಅಲ್ಯೂಮಿನಿಯಂ ಪುಡಿ ಗಾಳೀಲಿ ಊದಿಸಿದ್ದ. ಧೂಳು ಹೊಡೀದ ಮನೆ, ಎಳೆದ ಬ್ಲೈಂಡ್ಸು, ಗಂಡನ ಮೇಲೆ ಆಸಕ್ತಿ ಇಲ್ದಿರೋ ಹೆಂಗಸು. ಬೆಳಕು ಅಲ್ಲಿ ಅಲಂಕಾರಕ್ಕೆ ಬಂದಿಲ್ಲ ಗುರು, ಆ ಮನೆ ಸಂಸಾರದ ಸ್ಥಿತಿ ಹೇಳೋಕೆ ಬಂದಿದೆ.

ಚೀಟಿ ಹುಡ್ಗ, ನಿನ್ ಟೆಸ್ಟಲ್ಲಿ ನಂಗೆ ಕಾಣೋ ತೊಂದ್ರೆ ಅದು. ಸರಳಿನ ನೆರಳು ಬೇಕು ಅಂತ ಆಸೆಪಟ್ಟೆ ಸರಿ, ಆದ್ರೆ ಆ ಬೆಳಕು ಯಾರದ್ದು? ಪ್ಯಾಸೇಜ್ ಲೈಟ್ ಯಾಕೆ ಉರೀತಿದೆ, ಯಾರಾದ್ರೂ ಬರ್ತಿದಾರಾ, ಬಂದು ಆರಿಸ್ತಾರಾ? ನುವಾರಲ್ಲಿ ಪ್ರತಿ ಬೆಳಕಿಗೂ ಒಬ್ಬ ಓನರ್ ಇರ್ತಾನೆ. ಪೊಲೀಸ್ ಕಾರಿಂದು, ಬೀದಿ ಕಂಬದ್ದು, ಪಕ್ಕದ ಮನೆಯವರ್ದು, ಎದುರು ಹೋಟೆಲ್ ಬೋರ್ಡಿಂದು. ಸಿಕ್ಕಿಹಾಕ್ಕೊಂಡ ಮನುಷ್ಯಂಗೆ ಯಾವ ಬೆಳಕೂ ಅವಂದಲ್ಲ, ಎಲ್ಲಾ ಬೇರೆಯವರ್ದು, ಯಾವಾಗ ಮುಖಕ್ಕೆ ಬೀಳುತ್ತೋ ಗೊತ್ತಿಲ್ಲ, ಭಯ ಬರೋದು ಅಲ್ಲಿಂದ.

ಇದಕ್ಕೆ ಒಳ್ಳೆ ಉದಾಹರಣೆ 1949ರ 'ದಿ ಥರ್ಡ್ ಮ್ಯಾನ್', ಕ್ಯಾರಲ್ ರೀಡ್, ಕ್ಯಾಮೆರಾ ರಾಬರ್ಟ್ ಕ್ರಾಸ್ಕರ್, ಆ ಕ್ಯಾಮೆರಾ ಕೆಲಸಕ್ಕೆ ಆಸ್ಕರ್ ಬಂತು. (ನೋಡಿಲ್ದೇ ಇರೋರು ಈ ಪ್ಯಾರಾ ಹಾರಿಸ್ಬಿಡಿ.) ಯುದ್ಧ ಮುಗಿದ ವಿಯೆನ್ನಾ, ಊರು ನಾಲ್ಕು ದೇಶದವರ ಕೈಲಿ ಹಂಚಿಹೋಗಿದೆ, ಅರ್ಧ ಊರು ಬಾಂಬ್ ಬಿದ್ದು ಮುರ್ಕಲಾಗಿದೆ. ಒಂದು ಬಾಗಿಲ ಮೂಲೆ ಕತ್ತಲಲ್ಲಿ ಯಾರೋ ನಿಂತಿದಾನೆ, ಬೂಟು ಮಾತ್ರ ಕಾಣುತ್ತೆ, ಬೂಟಿನ ಹತ್ರ ಒಂದು ಬೆಕ್ಕು. ಹೀರೋ ಕುಡಿದು ಬೀದೀಲಿ ಕಿರುಚ್ತಾನೆ. ಮೇಲಿನ ಮನೆ ಹೆಂಗಸು ಗಲಾಟೆ ತಡೀಲಾರ್ದೆ ಲೈಟ್ ಹಾಕ್ತಾಳೆ, ಆ ಕಿಟಕಿ ಬೆಳಕು ಸೀದಾ ಬಂದು ಬಾಗಿಲ ಮೂಲೇಲಿ ನಿಂತವನ ಮುಖದ ಮೇಲೆ ಬೀಳುತ್ತೆ, ಸತ್ತೋಗಿದಾನೆ ಅನ್ಕೊಂಡಿದ್ದ ಸ್ನೇಹಿತ! ಇಡೀ ಪಿಚ್ಚರ್‌ನ ದೊಡ್ಡ ಗುಟ್ಟು ಬಿಚ್ಚಿದ್ದು ಯಾರು ಅಂದ್ರೆ ನಿದ್ದೆಗೆಟ್ಟ ಒಬ್ಬ ಪಕ್ಕದ್ಮನೆ ಆಂಟಿ. ಇದು ನಮ್ ಅಗ್ರಹಾರದಲ್ಲೂ ಆಗ್ಬೋದು, ನಮ್ ಬೀದೀಲಂತೂ ವಾರಕ್ಕೆರಡು ಸಲ ಆಗುತ್ತೆ.

ಅದೇ ಪಿಚ್ಚರಲ್ಲಿ ರಸ್ತೆ ಯಾವಾಗ್ಲೂ ಒದ್ದೆ ಇರುತ್ತೆ. ಬೇಕಂತ್ಲೇ ನೀರು ಹಾಕ್ಸಿದ್ರು. ಒಣ ರಸ್ತೆ ರಾತ್ರಿ ಹೊತ್ತು ಬೆಳಕನ್ನ ನುಂಗಿಹಾಕುತ್ತೆ, ಒದ್ದೆ ಆದ್ರೆ ದೂರದ ದೀಪನೂ ನಿನ್ ಕಾಲ್ಹತ್ರ ಬಂದು ಹೊಳೆಯುತ್ತೆ. ಬಜೆಟ್ ಇಲ್ದಿರೋರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ, ಎರಡು ಡ್ರಮ್ ನೀರು.

ಬಜೆಟ್ ಅಂದ್ಮೇಲೆ ಇನ್ನೊಂದು. ಇವೆಲ್ಲ ಬರೀ ಕಲಾತ್ಮಕ ನಿರ್ಧಾರ ಅಲ್ಲ. ಯುದ್ಧದ ಟೈಮಲ್ಲಿ ಅಮೆರಿಕ ಸರ್ಕಾರ ಒಂದು ಪಿಚ್ಚರ್‌ನ ಸೆಟ್ಟಿಗೆ ಹೊಸ ಸಾಮಾನು 5000 ಡಾಲರ್ ಮೀರ್ಬಾರ್ದು ಅಂತ ಕಟ್ಟು ಹಾಕಿತ್ತು. ಗೋಡೆ ಕಟ್ಟೋಕೆ ಮರ ಇಲ್ವಾ, ಅಲ್ಲಿ ನೆರಳು ಹಾಕು. 1945ರ 'ಡಿಟೂರ್' ಅಂತೂ ಕಾಸಿಲ್ಲದವರ ಪಿಚ್ಚರು, ಎಡ್ಗರ್ ಉಲ್ಮರ್ ಮಾಡಿದ್ದು, ನ್ಯೂಯಾರ್ಕ್ ಬೀದಿ ತೋರ್ಸೋಕೆ ಸೆಟ್ಟಿಲ್ಲ, ಮಂಜು ತುಂಬ್ಸಿ ಅದ್ರೊಳಗೆ ಇಬ್ರನ್ನ ನಡೆಸಿಬಿಟ್ಟ. ನೋಡೋರಿಗೆ ಈ ಇಬ್ರಿಗೆ ಮುಂದೆ ದಾರಿ ಕಾಣ್ತಿಲ್ಲ ಅನ್ಸುತ್ತೆ. ನಿನ್ ಆರು ಸಾವಿರ ಜಾಸ್ತಿನೇ ಆಯ್ತು.


ಸುಮ್ನೆ_ಕೇಳ್ದೆ:

ಎಲ್ಲಾ ಸರಿ. ಆದ್ರೆ ನಂಗೊಂದು ಡೌಟು, ಮಂಡ್ಯದಲ್ಲಿ ಯಾಕ್ರೀ ನುವಾರು? ಅದು ಅಮೆರಿಕದವ್ರ ಸರಕು, ಹ್ಯಾಟು, ಓವರ್‌ಕೋಟು, ಮಳೆ, ಸಿಗರೇಟು. ನಮ್ ಹುಡುಗ ಚಪ್ಲಿ ಹಾಕ್ಕೊಂಡು ಟಿವಿಎಸ್ ಗಾಡೀಲಿ ಚೀಟಿ ಕಲೆಕ್ಷನ್‌ಗೆ ಹೋಗ್ತಾನೆ. ಅವನ ಮೇಲೆ ಬ್ಲೈಂಡ್ಸ್ ನೆರಳು ಬಿಟ್ರೆ ಯಕ್ಷಗಾನದ ವೇಷಕ್ಕೆ ಟೈ ಕಟ್ದಂಗೆ ಆಗಲ್ವಾ? ಇತ್ತೀಚೆಗೆ ಬರೋ ಶಾರ್ಟ್ ಫಿಲಂ ಎಲ್ಲಾ ಹಿಂಗೇ, ಒಂದು ಟೇಬಲ್ ಲ್ಯಾಂಪು, ಒಂದು ವಿಸ್ಕಿ ಗ್ಲಾಸು, ಒಬ್ಬ ಗಡ್ಡ ಬಿಟ್ಟವ್ನು.


ಕುಕ್ಕರಹಳ್ಳಿ_ಸಂಜೆ:

ಸುಮ್ನೆ ಕೇಳ್ದೆ ಅವ್ರೇ, ಸುಮ್ನೆ ಏನಲ್ಲ, ಒಳ್ಳೇ ಪ್ರಶ್ನೆನೇ. ಆದ್ರೆ ಅದು 'ಅಮೆರಿಕದವ್ರ ಸರಕು' ಅನ್ನೋದನ್ನ ಮಾತ್ರ ಒಪ್ಪಲ್ಲ. ವೈಲ್ಡರ್, ಲ್ಯಾಂಗ್, ಸಿಯೋಡ್ಮಾಕ್, ಉಲ್ಮರ್ ಈ ಡೈರೆಕ್ಟರ್‌ಗಳೆಲ್ಲ ಯುರೋಪಿಂದ ಹೋದವ್ರು, ಬರ್ಲಿನ್ ಸ್ಟುಡಿಯೋಗಳಲ್ಲಿ ಓರೆ ನೆರಳು, ಸೊಟ್ಟ ಗೋಡೆ ನೋಡಿ ಪಳಗಿದ್ದವ್ರು, ಲ್ಯಾಂಗ್ 1931ರಲ್ಲೇ 'ಎಂ' ಪಿಚ್ಚರಲ್ಲಿ ಕೊಲೆಗಾರನ್ನ ಮೊದ್ಲು ನೆರಳಾಗೇ ತೋರ್ಸಿದ್ದ. ಹೆಸರಿಟ್ಟಿದ್ದು ಫ್ರೆಂಚರು, 1946ರಲ್ಲಿ ನೀನೋ ಫ್ರಾಂಕ್ ಅನ್ನೋ ವಿಮರ್ಶಕ. ಮಾಡಿದ ಅಮೆರಿಕದವ್ರಿಗೆ ತಾವು ನುವಾರ್ ಮಾಡ್ತಿದೀವಿ ಅಂತ ಗೊತ್ತೇ ಇರ್ಲಿಲ್ಲ. ಊರೂರು ಸುತ್ತಿ ಬಂದಿರೋ ಸರಕಿಗೆ ಮಂಡ್ಯ ಏನು ದೂರ ಹೇಳಿ.

ಮತ್ತೆ ನಮ್ಮ ಮೈಸೂರಿನವ್ರೊಬ್ರು ಇದೇ ಕೆಲಸ ಮಾಡಿ ದೇಶಕ್ಕೇ ತೋರಿಸಿದಾರಲ್ವಾ, ಇಷ್ಟು ರಿಪ್ಲೈ ಬಂದ್ರೂ ಒಬ್ರೂ ಹೆಸರೆತ್ತಿಲ್ಲ! ಕ್ಯಾಮೆರಾಮನ್ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು ಬಾಂಬೆಗೆ ಹೋದವ್ರು. ಗುರುದತ್ 1951ರಲ್ಲಿ 'ಬಾಜಿ' ಮಾಡ್ದಾಗ ಇವ್ರು ಅಸಿಸ್ಟೆಂಟು, ಮುಂದಿನ ಪಿಚ್ಚರಿಂದ ಗುರುದತ್‌ಗೆ ಇವ್ರೇ ಕ್ಯಾಮೆರಾ. ಜೂಜಿನ ಅಡ್ಡೆ, ಟ್ಯಾಕ್ಸಿ, ಬಾಂಬೆ ರಾತ್ರಿ ರಸ್ತೆ, ಆ ಕಾಲದ ಕ್ರೈಂ ಪಿಚ್ಚರ್‌ಗಳ ಕತ್ತಲೆ ಬೆಳಕು ನೋಡಿ, ಎಲ್ಲೂ ಪರದೇಶಿ ಅನ್ಸಲ್ಲ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋ ಒಳಗೆ ಮೇಲಿಂದ ಒಂದು ಬೆಳಕಿನ ಕಂಬ ಇಳಿಯುತ್ತಲ್ಲ, ಅದು ಲೈಟೇ ಅಲ್ಲ, ಹೊರಗಿನ ಬಿಸಿಲನ್ನ ದೊಡ್ಡ ಕನ್ನಡಿಗಳಲ್ಲಿ ಹೊಡೆಸಿ ಒಳಗೆ ತಂದಿದ್ದು. ದೊಡ್ಡ ಲೈಟ್ ಹಾಕಿದ್ರೆ ಕಿರಣ ಅಗಲ ಆಗ್ತಾ ಹೋಗುತ್ತೆ, ಬಿಸಿಲು ದೂರದಿಂದ ಬರೋದ್ರಿಂದ ನೆಟ್ಟಗೆ ಕೋಲಿನ ಥರ ಇಳಿಯುತ್ತೆ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಅವ್ರಿಗೆ ಬಂತು, ಒಬ್ಬ ಕ್ಯಾಮೆರಾಮನ್‌ಗೆ ಅದು ಬಂದಿದ್ದು ಅದೇ ಮೊದ್ಲು. ಕನ್ನಡದಲ್ಲಿ 'ಹೂವು ಹಣ್ಣು' ಕೂಡ ಅವ್ರದ್ದೇ ಕ್ಯಾಮೆರಾ.

ಈಗ ಜಾಗದ ವಿಷ್ಯ. ನಂಗನ್ಸೋದು, ನುವಾರಲ್ಲಿ ಜಾಗಗಳೆಲ್ಲ ಯಾರ ಮನೇನೂ ಅಲ್ಲದ ಜಾಗಗಳು. ಮೆಟ್ಟಿಲು, ಕಾರಿಡಾರು, ಲಾಡ್ಜು, ರೈಲು, ಪಾರ್ಕಿಂಗು. ನಿಂತ್ಕೊಳ್ಳೋಕಾಗಲ್ಲ, ದಾಟ್ಕೊಂಡು ಹೋಗ್ಬೇಕು. ಚೀಟಿ ಹುಡುಗನ ಬದುಕೇ ಅದಲ್ವಾ, ದಿನಕ್ಕೆ ನಲವತ್ತು ಮನೆ ಬಾಗಿಲ ಮುಂದೆ ನಿಲ್ತಾನೆ, ಒಂದು ಮನೆಯೊಳಗೂ ಹೋಗಲ್ಲ. ಒಳಗಿನ ಬೆಳಕು ಬಾಗಿಲ ಸಂದಿಯಿಂದ ಅವನ ಅರ್ಧ ಮುಖಕ್ಕೆ ಬೀಳುತ್ತೆ, ದುಡ್ಡು ಎಣ್ಸೋ ಕೈ ಮೇಲೆ ಬೀಳುತ್ತೆ, ಬಾಗಿಲು ಹಾಕ್ಕೊಂಡ ತಕ್ಷಣ ಹೋಗುತ್ತೆ. ನಲವತ್ತು ಸಲ. ನಾನಾಗಿದ್ರೆ ಪಿಚ್ಚರ್ ಅಲ್ಲಿಂದ ಶುರು ಮಾಡ್ತಿದ್ದೆ.

ಮಿಣುಕೋ ನಿಯಾನ್ ಬೋರ್ಡ್ ಬೇಕಾ? ಆರ್ಸನ್ ವೆಲ್ಸ್‌ನ 1958ರ 'ಟಚ್ ಆಫ್ ಈವಿಲ್'ನಲ್ಲಿ ಹೋಟೆಲ್ ರೂಮಲ್ಲಿ ಒಂದು ಕೊಲೆ ಆಗುತ್ತೆ, ಹೊರಗಿನ ಬೋರ್ಡ್ ಹತ್ತಿ ಆರಿ ಹತ್ತಿ ಆರಿ ಮಾಡ್ತಿರುತ್ತೆ, ನಮಗೆ ಕೊಲೆ ಕಂತು ಕಂತಾಗಿ ಕಾಣುತ್ತೆ. ನಮ್ಮೂರಲ್ಲಿ ಮೆಡಿಕಲ್ ಸ್ಟೋರ್ ಮೇಲೆ ಹಸಿರು ಪ್ಲಸ್ ಗುರುತು ಸುತ್ತಿ ಸುತ್ತಿ ಮಿಣುಕುತ್ತಲ್ಲ, ಅದಕ್ಕಿಂತ ಇನ್ನೇನು ಬೇಕು. ಬ್ಲ್ಯಾಕ್ ಅಂಡ್ ವೈಟ್ ಮಾಡೋದ್ರಿಂದ ಹಸಿರೋ ನೀಲಿನೋ ಯಾರಿಗೂ ಗೊತ್ತಾಗಲ್ಲ. ಬೇರೆ ಬೇರೆ ಬಣ್ಣದ ಲೈಟ್ ಮಿಕ್ಸ್ ಆಗುತ್ತೆ ಅನ್ನೋ ತಲೆನೋವೇ ಇಲ್ಲ.

ಇನ್ನೊಂದು ಕಡೆ ಯೋಚ್ನೆ ಮಾಡಿ, ಭಾನುವಾರ ಸಂಜೆ ಅರಮನೆ ಲೈಟ್ ಹಾಕ್ತಾರೆ, ಹತ್ರತ್ರ ಒಂದು ಲಕ್ಷ ಬಲ್ಬು. ಅದರ ಮುಂದೆ ನಿಂತವ್ರ ಮುಖದಲ್ಲಿ ನೆರಳೇ ಇರಲ್ಲ. ಬೆಳಕು ಎಲ್ಲಾ ಕಡೆಯಿಂದ ಬರುತ್ತೆ, ಮನುಷ್ಯನ ಮುಖ ಹಬ್ಬದ ಥರ ಸಪಾಟಾಗುತ್ತೆ. ಅದೇ ಲೈಟ್ ಆರಿಸ್ತಾರಲ್ಲ, ಆ ಎರಡು ಸೆಕೆಂಡು, ಜನ ಎಲ್ಲಾ 'ಓ' ಅಂತಾರೆ, ಆಗ ದೂರದ ಒಂದು ಬೀದಿ ಕಂಬ ಮಾತ್ರ ಉಳಿದಿರುತ್ತೆ. ಚಿಕ್ಕಂದಿನಲ್ಲಿ ಅಪ್ಪನ ಕೈ ತಪ್ಪೋಗಿದ್ದು ಆ ಎರಡು ಸೆಕೆಂಡಲ್ಲಿ ನಂಗೆ. ಸಿಕ್ಕಿದ್ರು ಬಿಡಿ, ಆದ್ರೆ ಆ ಕಂಬದ ಬೆಳಕು ಇವತ್ತಿಗೂ ಇಷ್ಟ ಆಗಲ್ಲ.


ಕಬ್ಬಿನಗದ್ದೆ:

ಯಕ್ಷಗಾನಕ್ಕೆ ಟೈ ಕಟ್ಟೋ ಮಾತು ಸಕ್ಕತ್ತಾಗದೆ, ನಗು ಬಂತು. ಆದ್ರೂ ನಾನೊಂದು ಜಾಗ ಯೋಳ್ತೀನಿ ಕೇಳ್ಲಾ ಚೀಟಿ ಹುಡ್ಗ. ನಿನ್ ಹೀರೋ ದುಡ್ ತಗಂಡು ರಾತ್ರಿ ಎಲ್ಲಿಗೆ ಓಯ್ತಾನೆ? ರೂಮಲ್ಲೇ ಕುಂತ್ಕಂಡ್ರೆ ಪೊಲೀಸ್ನೋರು ಬಂದು ಹಿಡ್ಕತಾರೆ ಅಷ್ಟೆಯಾ. ಆಲೆಮನೆಗೆ ಕಳ್ಸು.

ನಮ್ದು ಗುತ್ತಲು ಕಡೆ, ನಮ್ ದೊಡ್ಡಪ್ಪಂದು ಆಲೆಮನೆ ಇತ್ತು, ಚಿಕ್ ಹುಡ್ಗ ಆಗಿದ್ದಾಗ ರಾತ್ರಿಯೆಲ್ಲ ಅಲ್ಲೇ ಬಿದ್ದಿರ್ತಿದ್ದೆ. ಒಲೆ ಉರಿ ಹಾಕೋನು ಕೆಳಗ್ ಗುಂಡೀಲಿ ಕುಂತಿರ್ತಾನೆ, ಒಣಗಿದ್ ರಚ್ಚನ್ನ, ಅದೇ ರಸ ಹಿಂಡಿದ್ ಕಬ್ಬಿನ್ ಸಿಪ್ಪೆನ, ಒಂದೊಂದೇ ಹಿಡಿ ಒಳೀಕೆ ತಳ್ತಾನೆ. ತಳ್ಳುದ್ ತಕ್ಷಣ ಭಗ್ ಅಂತ ಉರಿ ಎದ್ದು ಅವ್ನ್ ಮೊಕಕ್ಕೆ ಕೆಳಗಿಂದ ಬೆಳಕು ಬತ್ತದೆ, ಗಲ್ಲ ಮೂಗು ಎಲ್ಲಾ ಕೆಂಪಗೆ ಕಾಣ್ತದೆ, ಕಣ್ ಮಾತ್ರ ಕಪ್ಪು ಗುಳಿ. ಎಣ್ಸುದ್ರೆ ಒಂದ್ ಹತ್ತು ಎಣ್ಸೋವಷ್ಟೊತ್ತಿಗೆ ರಚ್ಚು ಸುಟ್ಟೋಗಿ ಕತ್ಲೆ ಆಯ್ತದೆ, ತಿರ್ಗ ಒಂದ್ ಹಿಡಿ. ಮ್ಯಾಲೆ ಕೊಪ್ಪರಿಗೇಲಿ ಕಬ್ಬಿನ್ ಹಾಲು ಕುದ್ದು ಆವಿ ಎದ್ದು ಚಾವಣಿಗೆ ತುಂಬ್ಕಂಡಿರ್ತದೆ, ಒಂದೇ ಒಂದು ಬಲ್ಬು ಆವಿಯೊಳಗೆ ತಟ್ಟೆ ಥರ ಕಾಣ್ತಿರ್ತದೆ, ಕೊಪ್ಪರಿಗೆ ಆಕಡೆ ನಿಂತಿರೋನು ಬರೀ ಆಕಾರ, ಯಾರು ಅಂತ ಮಾತಾಡುದ್ ಮ್ಯಾಲೇ ಗೊತ್ತಾಗದು. ನಂಗೆ ಆಗ ಒಲೆ ಹಾಕೋ ಅಣ್ಣ ಅಂದ್ರೆ ರಾತ್ರಿ ಹೊತ್ತು ಭಯ, ಬೆಳಿಗ್ಗೆ ಅದೇ ಅಣ್ಣ ಬಿಸಿ ಬೆಲ್ಲ ಎಲೆ ಮ್ಯಾಲೆ ಹಾಕ್ಕೊಟ್ರೆ ಪಾಪದೋನು ಅನ್ಸದು. ಅದೇ ಮೊಕ ಕಣ್ಲಾ, ಬೆಳಕು ಬಂದ್ ಕಡೆ ಬೇರೆ ಅಷ್ಟೆಯಾ.

ನಿಮ್ ಹಾಲಿವುಡ್ಡಿನೋರು ಹೊಗೆ ಮಿಷನ್ನು ಅಂತ ಬಾಡ್ಗೆ ಕೊಡ್ತಾರಲ್ಲ, ಆಲೆಮನೇಲಿ ಬಿಟ್ಟಿ. ಮಂಜು ಬೇಕು ಅಂದ್ರೆ ಡಿಸೆಂಬರ್ ಜನವರೀಲಿ ಬೆಳಗಿನ್ ಜಾವ ವಿ.ಸಿ. ನಾಲೆ ಏರಿ ಮ್ಯಾಲೆ ಗಾಡಿ ನಿಲ್ಸು, ಹೆಡ್‌ಲೈಟ್ ಹಾಕು, ಕಬ್ಬಿನ್ ಗರಿ ಒಂದೊಂದೂ ಕತ್ತಿ ಥರ ಕಾಣ್ತವೆ. ಆದ್ರೆ ಗಾಡಿ ಏರಿಗೆ ಒರಗ್ಸಿ ನಿಲ್ಸಬ್ಯಾಡ, ನಾಲೇಲಿ ನೀರ್ ಬಿಟ್ಟಿರ್ತಾರೆ, ಹುಷಾರು.


ಡಿಮ್ಮರ್_ದೊರೆ:

ಅಣ್ಣಾ ನೀವು ಬರೆದಿರೋದು ಓದಿ ನಾನೇ ಬಂದು ಲೈಟ್ ಮಾಡ್ಕೊಡೋಣ ಅನ್ನಿಸ್ತು. ಒಂದು ಟೆಕ್ನಿಕಲ್ ಮಾತು ಸೇರಿಸ್ತೀನಿ. ಆವಿ ಆಗ್ಲಿ ಹೊಗೆ ಆಗ್ಲಿ ಬೆಳಕು ಹಿಂದಿನಿಂದ ಬಂದ್ರೆ ಮಾತ್ರ ಎದ್ದು ಕಾಣೋದು. ಕ್ಯಾಮೆರಾ ಪಕ್ಕದಿಂದ ಲೈಟ್ ಬಿಟ್ರೆ ಮುಂದೆ ಬಿಳಿ ಪರದೆ ಕಟ್ದಂಗಾಗುತ್ತೆ, ಹಿಂದಿರೋದು ಏನೂ ಕಾಣಲ್ಲ. 1955ರ 'ದಿ ಬಿಗ್ ಕಾಂಬೋ' ಕೊನೇ ಸೀನು ನೋಡಿ, ಜಾನ್ ಆಲ್ಟನ್ ಕ್ಯಾಮೆರಾ, ಏರ್‌ಪೋರ್ಟ್ ಹ್ಯಾಂಗರ್, ಮಂಜು, ಹಿಂದಿನಿಂದ ಒಂದು ಬೆಳಕು, ಮುಂದೆ ಎರಡು ಕಪ್ಪು ಆಕೃತಿ. ಮುಖ ಇಲ್ಲ, ಬಟ್ಟೆ ಇಲ್ಲ, ಸೆಟ್ಟೂ ಇಲ್ಲ ಅನ್ಬೋದು. ಅದಕ್ಕೆ ಸ್ವಲ್ಪ ಮುಂಚೆ ಹೆಂಗಸು ಕಾರಿನ ಸ್ಪಾಟ್‌ಲೈಟ್ ತಿರುಗಿಸಿ ವಿಲನ್ ಮುಖಕ್ಕೆ ಹಿಡೀತಾಳೆ, ಗನ್ ಇರೋದು ಅವನ ಕೈಲಿ, ಗೆಲ್ಲೋದು ಲೈಟು. ಈ ಆಲ್ಟನ್ 1949ರಲ್ಲಿ ಲೈಟಿಂಗ್ ಬಗ್ಗೆನೇ ಒಂದು ಪುಸ್ತಕ ಬರೆದ, 'ಪೇಂಟಿಂಗ್ ವಿತ್ ಲೈಟ್' ಅಂತ, ನಮ್ಮಂಥ ಬಡ ಲೈಟ್‌ಮನ್‌ಗಳಿಗೆ ಅದು ಭಗವದ್ಗೀತೆ.

ರೂಮಲ್ಲಿ ಹೊಗೆ ಬೇಕಾದ್ರೆ ಸಾಂಬ್ರಾಣಿ ಹಾಕಿ, ನಮ್ಮ ಮೈಸೂರು ಅಗರಬತ್ತಿ ಒಂದು ಕಟ್ಟು ಹಚ್ಚಿದ್ರೂ ನಡೆಯುತ್ತೆ, ಫ್ಯಾನ್ ಆಫ್ ಮಾಡಿ ಎರಡು ನಿಮಿಷ ಬಿಡಿ, ಹೊಗೆ ಸಮ ಹರಡ್ಲಿ. ಕಿಟಕಿ ಒಂದು ತೆಗೆದಿಟ್ಕೊಳ್ಳಿ, ಒಂದ್ಸಲ ನಾಟಕ ಪ್ರಾಕ್ಟೀಸಲ್ಲಿ ಸಾಂಬ್ರಾಣಿ ಜಾಸ್ತಿಯಾಗಿ ಹೀರೋಯಿನ್ ಡೈಲಾಗ್ ಬದಲು ಕೆಮ್ಮೋದೇ ಆಯ್ತು. ಆಮೇಲೆ ಆಲೆಮನೇಲಿ ಒಂದು ಎಚ್ಚರಿಕೆ, ಉರಿ ಎದ್ದಾಗಿನ ಬೆಳಕಿಗೆ ಎಕ್ಸ್‌ಪೋಷರ್ ಲಾಕ್ ಮಾಡಿ, ಆರಿದಾಗ ಕಪ್ಪಾದ್ರೆ ಆಗ್ಲಿ. ಬಿಟ್ರೆ ಮೊಬೈಲು ಪ್ರತಿ ಹಿಡಿ ರಚ್ಚಿಗೂ ಕಣ್ಣು ಕಿರಿದು ಮಾಡಿ ಅಗಲ ಮಾಡಿ ಉಸಿರಾಡಿದಂಗೆ ಆಡುತ್ತೆ. ರಚ್ಚಿನ ರಾಶಿ ಹತ್ರ ಬೆಂಕಿ, ವೈರು, ಸಿಗರೇಟು ಸೇರಿಸ್ಬೇಡಿ ಮತ್ತೆ.


ಸಯ್ಯಾಜಿರಾವ್_ರೋಡು:

ಆ ಅರಮನೆ ಲೈಟ್ ಆರೋ ಎರಡು ಸೆಕೆಂಡು ಓದಿ ಸುಮ್ನೆ ಕೂತ್ಬಿಟ್ಟೆ. ನಾನು ಹುಟ್ಟಿದಾಗಿಂದ ಇಲ್ಲೇ ಇದೀನಿ, ಒಂದಿನನೂ ಹಾಗೆ ನೋಡಿಲ್ಲ.

ಒಂದು ಮಾತು ಬಿಟ್ಟೋಗಿತ್ತು. ಪೂರ್ತಿ ಪಿಚ್ಚರ್ ಕತ್ತಲೇಲಿ ಮಾಡ್ಬೇಡ. 'ಔಟ್ ಆಫ್ ದ ಪಾಸ್ಟ್', 1947, ಟೂರ್ನರ್ ಡೈರೆಕ್ಷನ್ನು, ಮುಸುರಾಕಾ ಕ್ಯಾಮೆರಾ. ಶುರು ಆಗೋದು ಬೆಟ್ಟ, ಕೆರೆ, ಬಿಸಿಲು, ಸಣ್ಣ ಊರಿನ ಪೆಟ್ರೋಲ್ ಬಂಕು. ಹೀರೋ ಅಲ್ಲಿ ಹೆಸರು ಬದಲಾಯಿಸ್ಕೊಂಡು ನೆಮ್ಮದಿಯಾಗಿದಾನೆ. ಆ ಬೆಳಕು ನೋಡಿದ್ರಿಂದ್ಲೇ ಆಮೇಲಿನ ಕತ್ತಲೆ ಹೊಟ್ಟೆಗೆ ತಾಗೋದು. 'ಡಬಲ್ ಇಂಡೆಮ್ನಿಟಿ'ಲೂ ಅಷ್ಟೇ, ಕೊಲೆ ಮಾತುಕತೆ ಆಡೋದು ಎಲ್ಲಿ ಗೊತ್ತಾ, ಝಗಮಗ ಲೈಟಿರೋ ದಿನಸಿ ಅಂಗಡೀಲಿ, ಡಬ್ಬಗಳ ಸಾಲಿನ ಮಧ್ಯೆ, ಪಕ್ಕದಲ್ಲಿ ಯಾರೋ ಮಗುವಿನ ಆಹಾರ ತಗೊಳ್ತಿರ್ತಾರೆ. ಅಲ್ಲಿ ಒಂದು ನೆರಳೂ ಇಲ್ಲ, ಇಡೀ ಪಿಚ್ಚರಲ್ಲಿ ನಂಗೆ ಮೈ ಜುಂ ಅನ್ಸೋದು ಅಲ್ಲೇ.

ಅದಕ್ಕೆ ನಿನ್ ಹುಡುಗನ್ನ ಹಗಲಲ್ಲಿ ಒಂದ್ಸಲ ಚೆನ್ನಾಗಿ ತೋರ್ಸು. ನಮ್ ಕಡೆ ಬಂದ್ರೆ ದೇವರಾಜ ಮಾರ್ಕೆಟ್ ಒಳಗೆ ಬೆಳಿಗ್ಗೆ ಹೊತ್ತು ಹೋಗು, ಮೇಲಿನ ಶೀಟು ಟಾರ್ಪಾಲು ಸಂದಿಯಿಂದ ಬಿಸಿಲು ತೂತು ತೂತಾಗಿ ಇಳಿಯುತ್ತೆ, ಮಲ್ಲಿಗೆ ರಾಶಿ ಮೇಲೆ ಒಂದು ತುಣುಕು, ತಕ್ಕಡಿ ಮೇಲೆ ಒಂದು ತುಣುಕು, ಅಂಗಡಿಯವ್ನು ನೀರು ಚಿಮುಕಿಸ್ದಾಗ ಆ ಕೋಲು ಒಂದು ಕ್ಷಣ ಪೂರ್ತಿ ಕಾಣುತ್ತೆ. ಅಲ್ಯೂಮಿನಿಯಂ ಪುಡಿ ಬೇಡ್ವೇ ಬೇಡ.


ಚೀಟಿ_ಹುಡ್ಗ:

ಎಲ್ರಿಗೂ ಸಾರಿ, ಎಂಟು ದಿನ ಆಯ್ತು ರಿಪ್ಲೈ ಮಾಡಿ. ಮಾಡಿ ನೋಡೇ ಬರೆಯೋಣ ಅಂತ ಸುಮ್ನಿದ್ದೆ.

ಮೊದ್ಲು ಟ್ಯೂಬ್‌ಲೈಟ್. ಅದರ ಫ್ರೇಮ್ ಸಮೇತ ಬಿಚ್ಚಿ ಲಂಬ ನಿಲ್ಸಿದ್ವಿ, ಎಂಟೂ ಸರಳು ಗೋಡೆ ಮೇಲೆ! ನಾಲ್ಕು ಜನನೂ ಕಿರುಚಿದ್ವಿ, ಕೆಳಗಿನ ಮನೆ ಓನರ್ ಆಂಟಿ ಲೈಟ್ ಹಾಕ್ಕೊಂಡು ಮೆಟ್ಟಿಲ ಹತ್ರ ಬಂದು 'ಯಾರಪ್ಪಾ ಅದು' ಅಂದ್ರು, ಆ ಬೆಳಕು ಕೆಳಗಿಂದ ಮೆಟ್ಟಿಲ ಕಟಕಟೆ ದಾಟಿ ಬಂದು ನಮ್ ಹೀರೋ ಮುಖದ ಮೇಲೆ ಬಿತ್ತು, ಅವ್ನು ನಿಜವಾಗ್ಲೂ ಹೆದರಿ ಬ್ಯಾಗ್ ಅಪ್ಕೊಂಡ. ಥರ್ಡ್ ಮ್ಯಾನ್ ಆಂಟಿ ಸುಭಾಷ್‌ನಗರದಲ್ಲೇ ಇದಾರೆ. ಕ್ಯಾಮೆರಾ ಆನ್ ಇರ್ಲಿಲ್ಲ, ಅದೊಂದೇ ಬೇಜಾರು. ಮಾರನೇ ದಿನ ಆಂಟಿಗೆ ಮೈಸೂರ್ ಪಾಕ್ ಕೊಟ್ಟು, ಇನ್ನೊಂದ್ಸಲ ಲೈಟ್ ಹಾಕ್ಕೊಂಡು ಬೈಬೇಕು ಅಂತ ಕೇಳಿದೀನಿ, ಬೈಯೋಕೇನು ಎಷ್ಟು ಸಲ ಬೇಕಾದ್ರೂ ಬೈತೀನಿ ಅಂದ್ರು.

ಕುಕ್ಕರಹಳ್ಳಿ ಅವ್ರು ಹೇಳಿದ ಬಾಗಿಲ ಐಡಿಯಾದಿಂದ ಶುರು ಮಾಡ್ತಿದೀವಿ. ನಲವತ್ತು ಮನೆ ಆಗಲ್ಲ, ಹನ್ನೊಂದು ಮನೆ ತೆಗೆದ್ವಿ, ಏಳಕ್ಕೇ ಸಾಕು ಅನ್ಸ್ತು. ಪ್ರತಿ ಮನೇಲೂ ಬೆಳಕು ಬೇರೆ, ಒಂದು ಕಡೆ ಟಿವಿಯ ಬೆಳಕು ಅಲ್ಲಾಡುತ್ತೆ, ಒಂದು ಕಡೆ ದೇವರ ಮನೆ ದೀಪ, ಒಂದು ಕಡೆ ಮೊಬೈಲ್ ನೋಡ್ತಾನೇ ದುಡ್ಡು ಕೊಡ್ತಾರೆ, ಅವರ ಮುಖಕ್ಕೆ ಬೆಳಕಿದೆ ನಮ್ ಹುಡುಗನಿಗಿಲ್ಲ. ಇದನ್ನ ನಾವು ಪ್ಲಾನ್ ಮಾಡಿರ್ಲಿಲ್ಲ.

ಆಲೆಮನೆಗೆ ಬರೋ ಶನಿವಾರ ರಾತ್ರಿ. ಕಬ್ಬಿನಗದ್ದೆ ಅಣ್ಣಾ ಅಡ್ರೆಸ್ ಮೆಸೇಜ್ ಮಾಡಿ. ಅಕ್ಕನಿಗೆ ಹೊಸ ಕ್ಲಿಪ್ ತೋರ್ಸಿದೆ, ಪೂರ್ತಿ ನೋಡಿ, 'ಆ ದುಡ್ಡು ವಾಪಸ್ ಕೊಡ್ತಾನೋ ಇಲ್ವೋ' ಅಂತ ಕೇಳಿದ್ಲು. ಕರೆಂಟ್ ಬಗ್ಗೆ ಮಾತೇ ಆಡ್ಲಿಲ್ಲ.


ಸುಮ್ನೆ_ಕೇಳ್ದೆ:

ಕೊಡ್ತಾನಾ?


ಕಬ್ಬಿನಗದ್ದೆ:

ಅಡ್ರೆಸ್ ಹಾಕಿವ್ನಿ ನೋಡು. ಎಂಟ್ ಗಂಟೆ ಒಳ್ಗೆ ಬಾ, ಪಾಕ ಇಳ್ಸೋ ಹೊತ್ಗೆ ಬಂದ್ರೆ ಯಾರೂ ಮಾತಾಡ್ಸಾಕಿಲ್ಲ. ಒಲೆ ಹಾಕೋ ಅಣ್ಣ ಇವಾಗ ತಾತ ಆಗವ್ನೆ, ಪಿಚ್ಚರ್‌ಗೆ ಅಂದೆ, ಶೇವ್ ಮಾಡುಸ್ಕಂಡ್ ಬತ್ತೀನಿ ಅಂತ ಕುಂತವ್ನೆ, ಬ್ಯಾಡ ಅಂತ ನೀನೇ ಬಂದು ಯೋಳು.